ಮೋನಪ್ಪ ಎಳೆದ ಹಸಿರು ಎಳೆ

ಪಿಸ್ತೂಲು ತಾನಾಗಿ ಗುರಿ ಹಿಡಿಯುವುದಿಲ್ಲ. ಯಾರೋ ಒಬ್ಬ ಕೆಲಸಗಾರ ಕಣ್ಣು ಕಿರಿದು ಮಾಡಿಕೊಂಡು, ಉಸಿರು ಬಿಗಿಹಿಡಿದು, ಅದರ ಮೂತಿಯ ಮೇಲೊಂದು ಚುಕ್ಕೆ ಕೂರಿಸಿರುತ್ತಾನೆ. ಆ ಚುಕ್ಕೆಯನ್ನು ಮನುಷ್ಯನ ಎದೆಗೆ ಹೊಂದಿಸಿ ಇನ್ನೊಬ್ಬ ಬೆರಳಿನಿಂದ ಕುದುರೆ ಎಳೆಯುತ್ತಾನೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ಅದು ನಿಮ್ಮ ಪುಣ್ಯವಲ್ಲ, ಸೋಮಾರಿತನ.

ಕೊಂದವನ ಹೆಸರು ಪೇಪರಿನಲ್ಲಿ ಬರುತ್ತದೆ. ಸತ್ತವನ ಹೆಸರೂ ಬರುತ್ತದೆ, ಅವನು ಸ್ವಲ್ಪ ದೊಡ್ಡ ಮನುಷ್ಯನಾಗಿದ್ದರೆ. ಚುಕ್ಕೆ ಕೂರಿಸಿದವನ ಹೆಸರು ಎಲ್ಲೂ ಬರುವುದಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ. ಅವನ ಹೆಸರು ಮೋನಪ್ಪ. ಹೆಸರು ಹಾಕಲೇ ಎಂದು ಕೇಳಿದೆ.

"ಹಾಕು ಮಾರಾಯ," ಎಂದ. "ಇನ್ನೆಂತ ಉಂಟು ಮುಚ್ಚಿಡ್ಲಿಕ್ಕೆ?"

ಮೋನಪ್ಪ ಉಡುಪಿಯ ಕಡೆಯವನು. ಅರವತ್ತೆಂಟನೇ ಇಸವಿಯಲ್ಲಿ ಹದಿನೆಂಟು ವರ್ಷದವನಾಗಿ ಮುಂಬಯಿಗೆ ಬಂದು ಸಯನ್ ಸ್ಟೇಷನ್ ಹತ್ತಿರದ ಹೋಟೆಲೊಂದರ ಅಡುಗೆಮನೆ ಸೇರಿದ. ಅದೇ ಅಡುಗೆಮನೆಯಲ್ಲಿ ನಾನು ಕಪ್ಪು-ಬಸಿ ತೊಳೆಯುತ್ತಿದ್ದೆ. ಅವನು ಮಿಠಾಯಿ ಒಲೆಯ ಮುಂದೆ. ಜಿಲೇಬಿಗೆ, ಮೈಸೂರ್‌ಪಾಕಿಗೆ ಪಾಕ ಹಿಡಿಯುವುದು ಎಲ್ಲರ ಕೈಯಿಂದ ಆಗುವ ಕೆಲಸವಲ್ಲ. ಕುದಿಯುವ ಸಕ್ಕರೆಯ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದು ನೋಡಬೇಕು. ಒಂದೆಳೆ ಬಂತೋ, ಎರಡೆಳೆ ಬಂತೋ, ಅಷ್ಟರಲ್ಲಿ ಒಲೆಯಿಂದ ಇಳಿಸಬೇಕು. ಒಂದು ಗಳಿಗೆ ತಡವಾದರೆ ಕಲ್ಲು, ಮೊದಲಾದರೆ ನೀರು. ಮೋನಪ್ಪನ ಬೆರಳಿನ ನಡುವೆ ಬಂದ ಎಳೆ ಕೂದಲಿನಷ್ಟು ಸಣ್ಣಗಾಗಿಯೂ ತುಂಡಾಗುತ್ತಿರಲಿಲ್ಲ. ನಾವು ಪಾತ್ರೆ ಬಿಟ್ಟು ನಿಂತು ನೋಡುತ್ತಿದ್ದೆವು. "ಮುಟ್ಟಿದರೆ ಸುಡುವುದಿಲ್ವಾ?" ಎಂದು ಕೇಳಿದರೆ, "ಸುಡ್ತದೆ. ಸುಟ್ಟದ್ದು ನೆನಪಿಗೆ ಬರುವಷ್ಟರಲ್ಲಿ ಬಿಟ್ಟಾಗಿರ್ತದೆ" ಎನ್ನುತ್ತಿದ್ದ.

ಆ ಹೋಟೆಲಿಗೆ ಆಗ ಸದಾನಂದ ಮ್ಯಾನೇಜರ್. ಈಗ ಅವನಿಗೆ ಮೂರು ಹೋಟೆಲುಗಳಿವೆ, ನಮ್ಮ ಕನ್ನಡ ಸಂಘಕ್ಕೆ ಉಪಾಧ್ಯಕ್ಷ, ಹೆಸರಿನ ಮುಂದೆ 'ಸಮಾಜಸೇವಕ' ಎಂದು ಅಚ್ಚು ಹಾಕಿಸಿಕೊಳ್ಳುತ್ತಾನೆ. ಮೋನಪ್ಪನ ಕೈ ನೋಡಿದ ಮೊದಲ ಬುದ್ಧಿವಂತ ಅವನೇ. ಫೋರ್ಟ್ ಕಡೆ ಲೈಸೆನ್ಸ್ ಇರುವ ಒಂದು ಬಂದೂಕಿನ ಅಂಗಡಿ ಇತ್ತು, ಅದರ ಸೇಠ್ ಹೋಟೆಲಿನ ಗಿರಾಕಿ. ಎಪ್ಪತ್ತೇಳರಲ್ಲಿ ಸದಾನಂದ ಆ ಸೇಠ್‌ಗೆ, "ಇವನ ಕೈ ನಡುಗುವುದಿಲ್ಲ, ಇಟ್ಕೊಳ್ಳಿ" ಎಂದ. ಮೋನಪ್ಪ ಒಲೆ ಬಿಟ್ಟು ಬಂದೂಕು ಹಿಡಿದ. ಎರಡು ವರ್ಷದ ನಂತರ ಆಂಟಾಪ್ ಹಿಲ್‌ನಲ್ಲಿ ಅವನಿಗೆ ಚಾಳಿನ ಒಂದು ಖೋಲಿ ಸಿಕ್ಕಿದ್ದೂ ಸದಾನಂದನ ಮಾತಿನಿಂದಲೇ. ಆ ಖೋಲಿಗೆ ಚಂಪಾ ಮದುವೆಯಾಗಿ ಬಂದಳು. ಆ ಖೋಲಿಯಲ್ಲೇ ವಿನೋದಿನಿ ಹುಟ್ಟಿದಳು. ಹಾಗಾಗಿ ಸದಾನಂದ ಬಾಗಿಲಿಗೆ ಬಂದರೆ ಮೋನಪ್ಪ ಎದ್ದು ನಿಲ್ಲುತ್ತಿದ್ದ, ಕೂತ ಕುರ್ಚಿಯನ್ನೇ ಒರೆಸಿ ಕೊಡುತ್ತಿದ್ದ, ಬಾಯಿ ತುಂಬ "ಧಣಿ" ಎನ್ನುತ್ತಿದ್ದ.

ಅಂಗಡಿಯಲ್ಲಿ ಹೆಚ್ಚು ಕೆಲಸ ಹಳೇ ಜೋಡುನಳಿಗೆ ಬಂದೂಕುಗಳದ್ದು: ಎಣ್ಣೆ, ಸ್ಪ್ರಿಂಗು, ತುಕ್ಕು. ಜೊತೆಗೆ ಗುರಿ ಹೊಡೆಯುವ ಕ್ಲಬ್ಬಿನವರ ಪಿಸ್ತೂಲುಗಳು. ತೊಂಬತ್ತರಲ್ಲಿ ಕ್ಲಬ್ಬಿನ ಒಬ್ಬರು ಹೊರದೇಶದಿಂದ ಒಂದು ಹೊಸ ಥರದ ಪಿಸ್ತೂಲು ತಂದರು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಗುಬಟು ಇರುತ್ತದಲ್ಲ, ಮಿಸ್ತ್ರಿಗಳು ಅದನ್ನು 'ಮಕ್ಖೀ' ಎನ್ನುತ್ತಾರೆ, ನೊಣದ ಹಾಗೆ ಕೂತಿರುತ್ತದೆ ಅಂತ. ಈ ಪಿಸ್ತೂಲಿನಲ್ಲಿ ಮಕ್ಖೀ ಒಳಗೆ ಸೂಜಿಯಷ್ಟು ಸಣ್ಣ ಬಣ್ಣದ ಕಡ್ಡಿ. ಫೈಬರ್ ಕಡ್ಡಿ. ಅದರ ಬೆನ್ನು ಆಕಾಶಕ್ಕೆ ತೆರೆದಿರುತ್ತದೆ. ಬೆನ್ನಿನಿಂದ ಬೆಳಕು ಕುಡಿದು, ಹಿಡಿದವನ ಕಣ್ಣಿನ ಕಡೆ ಇರುವ ತುದಿಯಲ್ಲಿ ಕಾರುತ್ತದೆ. ಸೆಲ್ಲಿಲ್ಲ, ಬಲ್ಬಿಲ್ಲ, ಬರೀ ಹಗಲಿನ ಬೆಳಕು. ಆದರೆ ಪಿಸ್ತೂಲು ಒರೆಸುವ ಎಣ್ಣೆ ತಾಗಿದರೆ ಕಡ್ಡಿ ಬಿರುಕು ಬಿಡುತ್ತದೆ, ಚುಕ್ಕೆ ಮಂಕಾಗುತ್ತದೆ. ಆಗ ಬೇರೆ ಹಾಕಬೇಕು. ಬೇರೆ ಕಡ್ಡಿ ಈ ಊರಲ್ಲಿ ಎಲ್ಲಿದೆ?

ಮೋನಪ್ಪ ಯೋಚನೆ ಮಾಡಿದ್ದು ಅಡುಗೆಯವನ ಹಾಗೆ. ರೇಡಿಯಂ ಪ್ಲಾಸ್ಟಿಕ್ ಅಂತಾರಲ್ಲ, ಶಾಲೆ ಮಕ್ಕಳು ಗೆರೆ ಎಳೆಯುವ ಥಳಥಳ ಹೊಳೆಯುವ ಫೂಟ್‌ಪಟ್ಟಿ, ಅದನ್ನು ಸೀಳಿ, ಸ್ಪಿರಿಟ್ ದೀಪದ ಮೇಲೆ ಹಿಡಿದು, ಮೆತ್ತಗಾದ ಗಳಿಗೆ ನೋಡಿ ಎರಡೂ ಕೈಯಿಂದ ಎಳೆದ. ಒಂದೆಳೆ ಬಂತು. ತಣ್ಣಗಾದ ಮೇಲೆ ತುದಿ ನೋಡಿದರೆ ಚುಕ್ಕೆ ಉರಿಯುತ್ತಿತ್ತು. ಮಕ್ಖೀಯ ತೂತಿಗೆ ತೂರಿಸಿ, ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ, ತುದಿಯ ಹತ್ತಿರ ಬೆಂಕಿ ತಂದ. ಮುಟ್ಟಿಸಬಾರದು, ತರಬೇಕು ಅಷ್ಟೆ. ತುದಿ ಕರಗಿ ಅಣಬೆಯ ತಲೆಯ ಹಾಗೆ ಉಬ್ಬಿ ಕೂತಿತು. ಅಂಟಿಲ್ಲ, ಮೊಳೆಯಿಲ್ಲ. ಆ ಕಡ್ಡಿ ಹಾಕಿದ ಪಿಸ್ತೂಲಿನಲ್ಲಿ ಕ್ಲಬ್ಬಿನವರು ಕಪ್ ಗೆದ್ದರು. ಸೇಠ್ ತನ್ನ ಚೇಂಬರಿಗೆ ಕರೆದು ಎದುರು ಕೂರಿಸಿ ಚಾ ಕುಡಿಸಿದ.

ನಾನು ಆಗಲೇ ನೈಟ್ ಸ್ಕೂಲಿನಲ್ಲಿ ಕಲಿತ ಕನ್ನಡದಲ್ಲಿ ಈ ಪತ್ರಿಕೆಗೆ ಬರೆಯುತ್ತಿದ್ದೆ. ಈ ಸುದ್ದಿ ಬಿಡುತ್ತೇನೆಯೇ? ಅರ್ಧ ಪುಟ ಬರೆದೆ. 'ನಮ್ಮವನ ಕೈ, ಪಾಕದಿಂದ ಪಿಸ್ತೂಲಿಗೆ' ಎಂದು ತಲೆಬರಹ. ಸಂಘದವರು ಓದಿ, ಮೋನಪ್ಪನನ್ನು ಕರೆದು, ಶಾಲು ಹೊದೆಸಿ, ತಟ್ಟೆ ತುಂಬ ಹಣ್ಣು ಕೊಟ್ಟರು. ಶಾಲು ಹೊದೆಸಿದ್ದು ಸದಾನಂದ. ಮೈಕಿನಲ್ಲಿ, "ಇಂಥ ಕೈ ಮುಂಬಯಿಯಲ್ಲಿ ಇನ್ನೊಂದಿಲ್ಲ" ಎಂದ. ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಿ.

ಮೂರು ವಾರ ಕಳೆದು, ತೊಂಬತ್ತೊಂದರ ಒಂದು ಭಾನುವಾರ ಮಧ್ಯಾಹ್ನ ಸದಾನಂದ ಮಿಠಾಯಿ ಡಬ್ಬಿ ಹಿಡಿದು ಆಂಟಾಪ್ ಹಿಲ್‌ಗೆ ಬಂದ. ಡಬ್ಬಿಯೊಳಗೆ ಮಿಠಾಯಿ ಇರಲಿಲ್ಲ.

"ಇದಕ್ಕೂ ಒಂದು ಚುಕ್ಕೆ ಹಾಕಿ ಕೊಡು ಮೋನಪ್ಪ. ಇದ್ದದ್ದು ಮುರಿದಿದೆ. ಕ್ಲಬ್ಬಿನವರದ್ದು."

ಮೋನಪ್ಪ ಕೈಗೆತ್ತಿಕೊಂಡು ತಿರುಗಿಸಿದ. ಕ್ಲಬ್ಬಿನ ಪಿಸ್ತೂಲು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಣ್ಣ ಗುಂಡು, ಹಗುರ ಕುದುರೆ, ಅಂಗೈಗೆ ಅಳತೆ ತೆಗೆದ ಮರದ ಹಿಡಿ. ಇದು ಬೇರೆ ಜಾತಿ. ಗಿಡ್ಡ, ದಪ್ಪ, ಸೊಂಟದಲ್ಲಿ ಸಿಕ್ಕಿಸುವಂಥದ್ದು.

"ಕ್ಲಬ್ಬಿನದ್ದಲ್ಲ ಧಣಿ. ನಂಬರ್ ಎಲ್ಲಿ ಹೋಯ್ತು?"

"ಹಳತು. ಸವೆದಿರ್ತದೆ."

"ಸವೆದದ್ದಲ್ಲ. ಅರ ಹಾಕಿ ಉಜ್ಜಿದ್ದು."

ಸದಾನಂದ ನಕ್ಕ. "ನೀನು ಪಿಸ್ತೂಲಿನ ಡಾಕ್ಟರೋ, ಪೊಲೀಸೋ? ಕಣ್ಣಿನ ಡಾಕ್ಟರು ರೋಗಿಯ ಜಾತಕ ಕೇಳ್ತಾರಾ? ಚಂಪಕ್ಕಾ, ನಿಮ್ಮ ಯಜಮಾನ್ರಿಗೆ ಶಾಲು ಹೊದೆಸಿದ್ದೇ ತಪ್ಪಾಯ್ತು ನೋಡಿ. ಪ್ರಶ್ನೆ ಶುರುವಾಯ್ತು."

ಚಂಪಾ ಬಾಗಿಲ ಬಳಿ ಚಾ ಹಿಡಿದು ನಿಂತಿದ್ದವಳು ಗಂಡನ ಮುಖ ನೋಡಿ, "ಎಂತ ಹೇಳ್ತೀರಿ ನೀವು, ಅವರು ಮನೆ ಬಾಗಿಲಿಗೆ ಬಂದಿದ್ದಾರೆ" ಎಂದಳು. ಆ ಖೋಲಿಯ ನೆಲ, ಗೋಡೆ, ನಲ್ಲಿ ಎಲ್ಲ ಅವಳ ಬಾಯಲ್ಲಿ ಮಾತಾಡಿದವು.

ಸಂಜೆಯೊಳಗೆ ಬೇಕೆಂದು ಹೇಳಿ ಸದಾನಂದ ಹೋದ. ಮನೆಯಲ್ಲಿ ಫೂಟ್‌ಪಟ್ಟಿಯ ಚೂರು ಉಳಿದಿರಲಿಲ್ಲ, ಸ್ಟೇಷನರಿ ಅಂಗಡಿ ಮುಚ್ಚಿತ್ತು. ಗೋಡೆಯ ಮೊಳೆಗೆ ವಿನೋದಿನಿಯ ಎರಡು ಬಳೆಗಳು ನೇತಾಡುತ್ತಿದ್ದವು. ಬಾಂದ್ರಾದ ಜಾತ್ರೆಯಲ್ಲಿ ಅವನೇ ಕೊಡಿಸಿದ್ದು. ಗಿಣಿಹಸಿರು ರೇಡಿಯಂ, ಒಳಗೆಲ್ಲ ಬೆಳ್ಳಿ ಚಮಕಿ. ಮೋನಪ್ಪ ಒಂದನ್ನು ತೆಗೆದು ಕತ್ತರಿಸಿದ.

ಚಮಕಿ ಕೆಟ್ಟದ್ದು, ಬೆಳಕನ್ನು ದಾರಿಯಲ್ಲೇ ಒಡೆಯುತ್ತದೆ. ಚಮಕಿಯಿಲ್ಲದ ಜಾಗ ಹುಡುಕಿ ಎಳೆದ. ಆದರೂ ಎಳೆಯ ಒಂದು ಕಡೆ, ತುದಿಯಿಂದ ಸ್ವಲ್ಪ ಒಳಗೆ, ಒಂದೇ ಒಂದು ಬೆಳ್ಳಿಕಣ ಸಿಕ್ಕಿಕೊಂಡಿತ್ತು. ಲೆನ್ಸಿನಲ್ಲಿ ಕಂಡಿತು. ಬಳೆ ಇನ್ನೂ ಮುಕ್ಕಾಲು ಉಳಿದಿತ್ತು, ಇನ್ನೊಂದು ಎಳೆಯಬಹುದಿತ್ತು. ಎಳೆಯಲಿಲ್ಲ. ಅದನ್ನೇ ಕೂರಿಸಿದ.

"ಕ್ಲಬ್ಬಿನದ್ದಾಗಿದ್ದರೆ ಇನ್ನೊಂದು ಎಳೀತಿದ್ದೆ," ಎಂದು ನನಗೆ ಆಮೇಲೆ ಹೇಳಿದ.

ಅಂದರೆ ಇದು ಎಂಥ ಕೆಲಸಕ್ಕೆ ಎಂದು ಅವನಿಗೆ ಗೊತ್ತಿತ್ತು. ಆ ಮಾತಿನಲ್ಲೇ ಎಲ್ಲ ಇದೆ.

ಶಾಲೆಯಿಂದ ಪಿಕ್ನಿಕ್‌ಗೆ ಹೋಗಿದ್ದ ವಿನೋದಿನಿ ಬಂದು ಬಳೆ ಕೇಳಿದಾಗ, "ಒಡೆದು ಹೋಯ್ತು ಮಗಾ" ಎಂದ. ಹತ್ತು ವರ್ಷದ ಹುಡುಗಿ. "ಪ್ಲಾಸ್ಟಿಕ್ ಹೇಗೆ ಒಡೀತು ಪಪ್ಪಾ?" ಎಂದಳು. ಅವಳು ಒಂಟಿ ಬಳೆ ಹಾಕಿಕೊಂಡು ಓಡಾಡಿದಳು.

ಇನ್ನು ಶೆಟ್ಟೆಪ್ಪ.

ಶೆಟ್ಟೆಪ್ಪ ವಿಜಾಪುರದ ಕಡೆಯವನು. ಸದಾನಂದನ ಸಯನ್ ಹೋಟೆಲಿನಲ್ಲಿ ಇಡ್ಲಿ-ದೋಸೆಯ ಹಿಟ್ಟು ರುಬ್ಬುತ್ತಿದ್ದ. ಹೆಂಡತಿ ರುದ್ರವ್ವ ಎರಡು ಬಿಲ್ಡಿಂಗ್‌ಗಳಲ್ಲಿ ಕಸ ಗುಡಿಸುತ್ತಿದ್ದಳು. ಶೆಟ್ಟೆಪ್ಪ ಲೀಡರಲ್ಲ, ಭಾಷಣ ಬರುತ್ತಿರಲಿಲ್ಲ. ಕೇಳಿದ್ದು ಎರಡು: ವಾರಕ್ಕೊಂದು ರಜೆ, ಮತ್ತು ಮಲಗಲು ಟೇಬಲ್ ಅಲ್ಲದ ಒಂದು ಜಾಗ. ಅದನ್ನು ಒಂದು ಹಾಳೆಯಲ್ಲಿ ಬರೆಸಿ ಮೂರೂ ಹೋಟೆಲಿನ ಅಡುಗೆಮನೆಗಳಿಗೆ ಒಯ್ದು ಹೆಬ್ಬೆಟ್ಟು ಒತ್ತಿಸಿದ. ನಲವತ್ತು ಹೆಬ್ಬೆಟ್ಟು. ಅವರೆಲ್ಲ ಒಂದು ದಿನ ಒಲೆ ಹಚ್ಚಲಿಲ್ಲ. ಒಂದೇ ದಿನ. ನಮ್ಮ ಸಮಾಜಸೇವಕನಿಗೆ ಅದು ಸಾಕಾಯಿತು.

ತೊಂಬತ್ತೆರಡರ ಮಾರ್ಚ್, ಮಂಗಳವಾರ, ಸಂಜೆ ಐದು. ತಿಂಡಿಯ ಹೊತ್ತು. ಸದಾನಂದ ಹೋಟೆಲಿಗೆ ಬಂದು, ಶೆಟ್ಟೆಪ್ಪನನ್ನು ಅಡುಗೆಮನೆಯಿಂದ ಕರೆಸಿ, ಹೆಗಲ ಮೇಲೆ ಕೈ ಹಾಕಿ ಬಾಗಿಲ ತನಕ ನಡೆಸಿಕೊಂಡು ಹೋದ. ಹೀಗೆಂದು ಒಬ್ಬ ವೇಟರ್ ಮೊದಲ ದಿನ ಹೇಳಿದ್ದ, ಎರಡನೇ ದಿನ ಅವನನ್ನು ಊರಿಗೆ ಕಳಿಸಲಾಗಿತ್ತು. ಬಾಗಿಲಲ್ಲಿ ಸದಾನಂದ ಕೈ ತೆಗೆದು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಫುಟ್‌ಪಾತಿನ ಆಚೆ ಸ್ಕೂಟರ್ ಮೇಲಿದ್ದವನು ಎರಡು ಗುಂಡು ಹೊಡೆದ. ಶೆಟ್ಟೆಪ್ಪನ ಮೊಣಕೈ ತನಕ ಅಕ್ಕಿ ಹಿಟ್ಟಿತ್ತು. ಹಾಗೇ ಸತ್ತ.

ನಾಲ್ಕು ದಿನದ ಮೇಲೆ ಪಿಸ್ತೂಲು ಒಂದು ನಾಲಾದಲ್ಲಿ ಸಿಕ್ಕಿತು. ಸ್ಕೂಟರಿನವನು ಇವತ್ತಿಗೂ ಸಿಕ್ಕಿಲ್ಲ. ಪೊಲೀಸರು ಸದಾನಂದನನ್ನು ಕರೆಸಿ ಕೇಳಿದರು. ಆ ಪಿಸ್ತೂಲಿಗೂ ತನಗೂ ಏನು ಸಂಬಂಧ ಎಂದ. ಸಂಬಂಧ ತೋರಿಸುವವರು ಯಾರಿದ್ದಾರೆ?

ಒಬ್ಬನಿದ್ದ. ಅವನನ್ನೇ ಕರೆಸಿದರು, ಆದರೆ ಅನುಮಾನದಿಂದಲ್ಲ, ಮರ್ಯಾದೆಯಿಂದ. ಇಂಥ ಕಡ್ಡಿಯ ಕೆಲಸ ಬಲ್ಲವನು ಊರಲ್ಲಿ ಮೋನಪ್ಪ ಒಬ್ಬನೇ ಎಂದು ಸೇಠ್ ಹೇಳಿ ಕಳಿಸಿದ್ದ. ಮರಾಠಿ ಸರಿಯಾಗಿ ಬರುವುದಿಲ್ಲ, ನೀನೂ ಬಾ ಎಂದು ಮೋನಪ್ಪ ನನ್ನನ್ನು ಕರೆದ. ಹೋದೆ.

ಸಬ್-ಇನ್‌ಸ್ಪೆಕ್ಟರ್ ಕುರ್ಚಿ ಕೊಟ್ಟ. ಪಿಸ್ತೂಲು ಬಟ್ಟೆಯ ಮೇಲಿಟ್ಟು, ಲೆನ್ಸ್ ಕೈಗೆ ಕೊಟ್ಟು, "ದೇಖೋ ಮಿಸ್ತ್ರಿ, ಯೇ ಕಾಮ್ ಕಹಾಂ ಕಾ ಹೈ?" ಎಂದ, ಇದು ಎಲ್ಲಿಯ ಕೆಲಸ ಎಂದು.

ಮೋನಪ್ಪ ಕಿಟಕಿಯ ಬೆಳಕಿಗೆ ಹಿಡಿದ. ಒಂದೇ ನೋಟ. ನಾನು ಪಕ್ಕದಲ್ಲಿದ್ದೆ. ಅವನು ಲೆನ್ಸನ್ನು ಕಣ್ಣಿನಿಂದ ಇಳಿಸಿದ.

"ಒಳಗೆ ಏನೋ ಬೆಳ್ಳಗೆ ಇದೆಯಲ್ಲ, ಏನದು?" ಎಂದ ಇನ್‌ಸ್ಪೆಕ್ಟರ್.

ಮೋನಪ್ಪ ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟ. ಆಮೇಲೆ, "ಫಾರಿನ್ ಕಾ ಮಾಲ್ ಹೈ ಸಾಬ್. ಇಧರ್ ಐಸಾ ನಹೀಂ ಬನತಾ" ಎಂದ, ಹೊರದೇಶದ್ದು, ಇಲ್ಲಿ ಇಂಥದ್ದು ಮಾಡುವುದಿಲ್ಲ ಎಂದು.

"ಮಲಾ ವಾಟಲಂಚ್," ಎಂದ ಇನ್‌ಸ್ಪೆಕ್ಟರ್, ತನಗೆ ಮೊದಲೇ ಅನಿಸಿತ್ತೆಂದು. "ಇಷ್ಟು ಸಫಾಯಿ ನಮ್ಮವರ ಕೈಯಲ್ಲಿ ಎಲ್ಲಿ ಬರುತ್ತೆ?" ಕಾನ್‌ಸ್ಟೇಬಲ್ ಮರಾಠಿಯಲ್ಲಿ ಬರೆದ. ನಾನು ಮೋನಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವನು ಸಹಿ ಮಾಡಿದ, ಸಾಕ್ಷಿಯೆಂದು ಕೆಳಗೆ ನಾನು ಮಾಡಿದೆ.

ಹೊರಗೆ ಬಂದು ಸಯನ್ ಸ್ಟೇಷನ್ ತನಕ ನಡೆದೆವು. ಟಿಕೆಟ್ ಕಿಟಕಿಯ ಕ್ಯೂನಲ್ಲಿ ನಿಂತಾಗ ಮೋನಪ್ಪ ನನ್ನ ಮುಖ ನೋಡದೆ ಹೇಳಿದ.

"ಅದು ನನ್ನ ಕೆಲಸ."

"ಯಾವುದು?"

"ಆ ಕಡ್ಡಿ. ಮಗಳ ಬಳೆ ಅದು. ಸದಾನಂದ ಧಣಿ ತಂದದ್ದು."

ನಾನು ಏನು ಹೇಳಬೇಕಿತ್ತು? ವಾರಕ್ಕೊಂದು ಸಲ ಜಗತ್ತಿಗೆಲ್ಲ ಬುದ್ಧಿ ಹೇಳುವವನು ನಾನು. ಪೊಲೀಸ್ ಸ್ಟೇಷನ್ನು ಹತ್ತು ನಿಮಿಷದ ದಾರಿ. ಅವನ ರಟ್ಟೆ ಹಿಡಿದು ವಾಪಸ್ ಎಳೆದೊಯ್ಯಬೇಕಿತ್ತು. ನಾನು ಹೇಳಿದ್ದು ಇದು: "ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಪಿಸ್ತೂಲು ರಿಪೇರಿ ಮಾಡಿದ್ದಕ್ಕೆ ಮೊದಲು ನಿನ್ನನ್ನೇ ಒಳಗೆ ಹಾಕ್ತಾರೆ. ಈಗ ಸುಮ್ಮನಿರು."

ಸುಮ್ಮನಿರು. ನಾಲ್ಕು ಅಕ್ಷರ. ಅವನು ಅದಕ್ಕೇ ಕಾಯುತ್ತಿದ್ದವನ ಹಾಗೆ ತಲೆಯಾಡಿಸಿದ. ಆ ವಾರ ನಾನು ಶೆಟ್ಟೆಪ್ಪನ ಕೊಲೆಯ ಬಗ್ಗೆ ಭಾರೀ ಅಂಕಣ ಬರೆದೆ. ಸರ್ಕಾರಕ್ಕೆ ಬೈದೆ, ವ್ಯವಸ್ಥೆಗೆ ಬೈದೆ, ಕಾಲಕ್ಕೆ ಬೈದೆ. ಗೊತ್ತಿದ್ದ ಒಂದು ಸಂಗತಿ ಬಿಟ್ಟು ಮಿಕ್ಕದ್ದೆಲ್ಲ ಬರೆದೆ. "ಏನು ಧೈರ್ಯ ಸ್ವಾಮಿ ನಿಮ್ಮದು" ಎಂದು ಹದಿನೇಳು ಜನ ಓದುಗರ ಪತ್ರ ಬಂತು.

ಏಪ್ರಿಲ್ ಕೊನೆಯಲ್ಲಿ ರುದ್ರವ್ವ ಆಂಟಾಪ್ ಹಿಲ್‌ಗೆ ಬಂದಳು. ಅಂದು ನಾನೂ ಅಲ್ಲಿದ್ದೆ. ಜಗಳಕ್ಕೆ ಬಂದವಳಲ್ಲ. ಪಿಸ್ತೂಲು ನೋಡಿದ ಮಿಸ್ತ್ರಿ ನಮ್ಮ ಭಾಷೆಯವನೇ ಅಂತೆ ಎಂದು ಯಾರೋ ಹೇಳಿದ್ದರು, ಕೇಳಿ ಹೋಗೋಣ ಎಂದು ಬಂದಿದ್ದಳು. ಚಾಪೆಯ ಮೇಲೆ ಕೂತಳು. ಚಂಪಾ ಚಾ ತಂದು ಮುಂದಿಟ್ಟಳು.

"ಅಣ್ಣಾರ, ಒಂದು ಮಾತು ಕೇಳ್ತೀನ್ರಿ, ತಪ್ಪು ತಿಳೀಬ್ಯಾಡ್ರಿ. ಅದು ಫಾರಿನ್ ಪಿಸ್ತೂಲು ಅಂತ ಬರದಾರಂತ. ಪೊಲೀಸ್ರು ಇನ್ನ ಇದು ದೊಡ್ಡ ಗ್ಯಾಂಗಿನ ಕೆಲಸ, ನಮ್ಮ ಕೈಗೆ ಹತ್ತೂದಿಲ್ಲ ಅಂತಾರ. ಹೌದೇನ್ರಿ?"

ಮೋನಪ್ಪ ನೆಲ ನೋಡಿದ. "ಹೌದು ಅಕ್ಕ. ಹಾಗೇ ಕಾಣ್ತದೆ."

"ಹಿಟ್ಟು ರುಬ್ಬಾವನ್ನ ಕೊಲ್ಲಾಕ ಫಾರಿನ್ನಿಂದ ಸಾಮಾನು ತರಸ್ತಾರೇನ್ರಿ?"

ಅವಳು ಕುಹಕವಾಡಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಗಂಡನಿಗೆ ಅಷ್ಟು ಬೆಲೆ ಇತ್ತೇ ಎಂದು ಆಶ್ಚರ್ಯಪಟ್ಟ ಹಾಗೆ. ನಾನು ಗೋಡೆಯ ಕ್ಯಾಲೆಂಡರಿನ ತಾರೀಖು ಓದತೊಡಗಿದೆ.

ಆಗ ಅಡುಗೆಯ ಕಟ್ಟೆಯ ಹತ್ತಿರ ಹೋಂವರ್ಕ್ ಮಾಡುತ್ತಿದ್ದ ವಿನೋದಿನಿ ತಲೆಯೆತ್ತಿದಳು. ಹುಡುಗಿಗೆ ಕನ್ನಡ ತಡವರಿಸಿ ಬರುತ್ತದೆ. ಪೇಪರು ಹಿಂದಿಯಲ್ಲಿ ಓದುತ್ತಾಳೆ. ಹಸಿರು ಚುಕ್ಕೆ, ಒಳಗೆ ಬೆಳ್ಳಿಕಣ ಎಂದು ಪೇಪರಿನವರು ವಿದೇಶೀ ವಿಚಿತ್ರದ ಹಾಗೆ ಬರೆದಿದ್ದರು.

"ಆಂಟಿ," ಎಂದಳು. "ಅದು ಫಾರಿನ್ ಅಲ್ಲ. ಬಾಂದ್ರಾದ್ದು."

"ವಿನು, ಚುಪ್!" ಎಂದಳು ಚಂಪಾ.

"ಪಪ್ಪಾ, ಮೇರಾ ಬ್ಯಾಂಗಲ್ ಥಾ ನಾ? ನೀವು ಒಡೆದು ಹೋಯ್ತು ಹೇಳಿದ್ದು?"

ಚಂಪಾ ಎದ್ದು ಮಗಳ ಬೆನ್ನಿಗೆ ಒಂದು ಬಾರಿಸಿದಳು. ಹುಡುಗಿ ಅಳಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ರುದ್ರವ್ವ ಹುಡುಗಿಯ ಮುಂಗೈಯ ಒಂಟಿ ಬಳೆ ನೋಡಿದಳು, ಕಿಟಕಿಯ ಪಕ್ಕದ ಸ್ಪಿರಿಟ್ ದೀಪ ನೋಡಿದಳು, ಆಮೇಲೆ ಮೋನಪ್ಪನನ್ನು, ಆಮೇಲೆ ನನ್ನನ್ನು. ಅಕ್ಷರ ಬಾರದ ಹೆಂಗಸು, ಆದರೆ ಓದಲು ಏನೂ ಉಳಿದಿರಲಿಲ್ಲ.

"ಅಣ್ಣಾರ," ಎಂದಳು ಮೋನಪ್ಪನಿಗೆ, ಬಹಳ ಮೆತ್ತಗೆ. "ನೀವು ಮಾಡೀರೇನ್ರಿ?"

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ರುದ್ರವ್ವ ಎದ್ದಳು. ಚಾ ಮುಟ್ಟಿರಲಿಲ್ಲ. ಲೋಟವನ್ನು ಕಾಲಿಗೆ ತಾಗದ ಹಾಗೆ ಗೋಡೆಯ ಬದಿಗೆ ಸರಿಸಿಟ್ಟು, ಸೆರಗು ಹೊದ್ದು, ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಶಾಪ ಹಾಕಿದ್ದರೆ, "ಪಾಪ, ದುಃಖದಲ್ಲಿದ್ದಾಳೆ" ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಅವಳು ಅಷ್ಟೂ ಉಪಕಾರ ಮಾಡಲಿಲ್ಲ.

ಅಲ್ಲಿಂದ ಮೋನಪ್ಪ ಕಡ್ಡಿ ಎಳೆಯಲಿಲ್ಲ. ಅಂಗಡಿಯಲ್ಲಿ ತುಕ್ಕು ಉಜ್ಜುವ ಕೆಲಸ ಮಾತ್ರ ಮಾಡುತ್ತಿದ್ದ. ಮನೆಯಲ್ಲಿ ಮಗಳು ಅವನ ಎದುರು ಕೂತು ಉಣ್ಣುತ್ತಿರಲಿಲ್ಲ. ತಟ್ಟೆ ಹಿಡಿದು ಹೊರಗಿನ ಗ್ಯಾಲರಿಗೆ ಹೋಗುತ್ತಿದ್ದಳು. ಒಂದು ದಿನವಲ್ಲ, ಏಳು ತಿಂಗಳು. ಚಂಪಾ ಹೊಡೆದಳು, ಅತ್ತಳು, ಕೊನೆಗೆ ಅವಳೂ ಒಂದು ದಿನ ತನ್ನ ತಟ್ಟೆ ತೆಗೆದುಕೊಂಡು ಮಗಳ ಪಕ್ಕ ಹೋಗಿ ಕೂತಳು. ಅಂದು ಮೋನಪ್ಪ ನನ್ನ ಮನೆಗೆ ಬಂದ.

"ಹೋಗುವ," ಎಂದ.

"ಎಲ್ಲಿಗೆ?"

"ನೀನು ಓದಿ ಹೇಳಿದ ಕಾಗದ ಉಂಟಲ್ಲ, ಅದು ಸುಳ್ಳು ಅಂತ ಹೇಳ್ಲಿಕ್ಕೆ. ನೀನೂ ಸಹಿ ಹಾಕಿದ್ದಿ. ಬರ್ತೀಯಾ, ನಾನೊಬ್ಬನೇ ಹೋಗ್ಲಾ?"

ಬರುತ್ತೇನೆಂದು ಹೇಳಲು ನನಗೆ ಎರಡು ದಿನ ಬೇಕಾಯಿತು. ಇದನ್ನೂ ಬರೆದಿಡುತ್ತೇನೆ.

ಡಿಸೆಂಬರ್ ಮೂರರಂದು ಹೋದೆವು. ಹಳೆಯ ಇನ್‌ಸ್ಪೆಕ್ಟರ್ ವರ್ಗವಾಗಿದ್ದ. ಹೊಸಬ ಎಲ್ಲ ಕೇಳಿ, "ಮಿಸ್ತ್ರಿ, ಇದರಲ್ಲಿ ನೀನೂ ಆರೋಪಿಯಾಗ್ತೀಯ, ಗೊತ್ತಿದೆಯಾ?" ಎಂದ. ಮೋನಪ್ಪ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಉಳಿದ ಮುಕ್ಕಾಲು ಬಳೆ. ತೂಕ ಮಾಡಿ, ಸೀಲ್ ಹಾಕಿ ಇಟ್ಟುಕೊಂಡರು. ಮೂರನೇ ದಿನಕ್ಕೆ ಕೋಮುಗಲಭೆಯಲ್ಲಿ ಊರು ಹೊತ್ತಿಕೊಂಡಿತು, ಜನವರಿಯಲ್ಲಿ ಮತ್ತೆ. ಯಾವ ಸ್ಟೇಷನ್ನಿನಲ್ಲಿ ಯಾರಿಗೆ ಒಬ್ಬ ಹಿಟ್ಟು ರುಬ್ಬುವವನ ಫೈಲು ಬೇಕಿತ್ತು? ಫೆಬ್ರವರಿಯಲ್ಲಿ ಸದಾನಂದನನ್ನು ಹಿಡಿದರು. ಹನ್ನೆರಡನೇ ದಿನಕ್ಕೆ ಜಾಮೀನು. ಹೊರಬಂದವನಿಗೆ ನೀವು ಹಾರ ಹಾಕಿದಿರಿ. ಮೋನಪ್ಪನಿಗೆ ಸೇಠ್ ಅಂಗಡಿಯ ಬಾಗಿಲು ಮುಚ್ಚಿದ. ಸಂಘದವರು ಶಾಲು ವಾಪಸ್ ಕೇಳಲು ಆಳು ಕಳಿಸಿದರು, ನಿಜಕ್ಕೂ ಕಳಿಸಿದರು. ಚಂಪಾ ಇಸ್ತ್ರಿ ಮಾಡಿ ಮಡಚಿ ಕೊಟ್ಟಳು.

ಈಗ ಮೋನಪ್ಪ, ಅವನೂ ಜಾಮೀನಿನ ಮೇಲೇ, ಬೆಳಿಗ್ಗೆ ಒಂದು ಮಿಠಾಯಿ ಅಂಗಡಿಯಲ್ಲಿ ಪಾಕ ಹಿಡಿಯುತ್ತಾನೆ. ರುದ್ರವ್ವನ ಎದುರು ನಿಲ್ಲಲು ಅವನಿಗೆ ಇವತ್ತಿಗೂ ಆಗಿಲ್ಲ. ಅವಳು ಕ್ಷಮಿಸಿದಳೋ ಎಂದು ನನ್ನನ್ನು ಕೇಳಬೇಡಿ. ಅವಳಿಗೆ ಕ್ಷಮೆಯ ಕೆಲಸ ಯಾಕೆ ಹಚ್ಚುತ್ತೀರಿ? ಗುಡಿಸುವ ಕೆಲಸವೇ ಸಾಕಷ್ಟಿದೆ.

ಸರ್ಕಾರಿ ವಕೀಲರನ್ನು ಕಂಡೆ. ಅವರು ಹೇಳಿದ್ದು ಇಷ್ಟು. ಬಳೆಯಿಂದ, ಮೋನಪ್ಪನ ಹೇಳಿಕೆಯಿಂದ, ಪಿಸ್ತೂಲು ಒಂದು ಕಾಲಕ್ಕೆ ಸದಾನಂದನ ಕೈಯಲ್ಲಿತ್ತೆಂದು ತೋರಿಸಬಹುದು. ಆದರೆ "ಕೊಲೆಗೆ ವರ್ಷದ ಮೊದಲು ಯಾರಿಗೋ ರಿಪೇರಿ ಮಾಡಿಸಿಕೊಟ್ಟೆ, ಆಮೇಲೆ ಅದು ಎಲ್ಲಿ ಹೋಯಿತೋ" ಎಂದು ಅವನು ಕೈ ಕೊಡವಬಹುದು. ಆ ಸಂಜೆ ಅವನೇ ಶೆಟ್ಟೆಪ್ಪನನ್ನು ಬಾಗಿಲಿಗೆ ಕರೆತಂದು, ತಾನು ಪಕ್ಕಕ್ಕೆ ಸರಿದ ಎಂದು ಕಂಡವರು ಹೇಳಬೇಕು. ಕಂಡವರಿಲ್ಲದಿದ್ದರೆ ಮೋನಪ್ಪ ಒಬ್ಬನೇ ಜೈಲಿಗೆ, ಸದಾನಂದ ಮನೆಗೆ.

ಹೋಟೆಲಿನಲ್ಲಿ ಆಗ ತಿಂಡಿ ತಿನ್ನುತ್ತಿದ್ದವರ ಹೇಳಿಕೆಗಳನ್ನು ವಕೀಲರು ತೋರಿಸಿದರು. ಹನ್ನೊಂದು ಜನ. ಹನ್ನೊಂದೂ ನಮ್ಮವರು, ಕನ್ನಡ ಓದುವವರು, ಈ ಪತ್ರಿಕೆಯ ಚಂದಾದಾರರು. ಹನ್ನೊಂದು ಹೇಳಿಕೆಯಲ್ಲೂ ಒಂದೇ ವಾಕ್ಯ: "ಗುಂಡಿನ ಸದ್ದಾದಾಗ ನಾನು ಒಳಗೆ ಕೈ ತೊಳೆಯುತ್ತಿದ್ದೆ." ಆ ಹೋಟೆಲನ್ನು ನಾನು ಬಲ್ಲೆ. ಅಲ್ಲಿರುವುದು ಒಂದು ವಾಶ್‌ಬೇಸಿನ್, ಒಂದು ನಲ್ಲಿ.

ಮೋನಪ್ಪನಿಗಾದರೂ ಹೆದರಲು ಕಾರಣವಿತ್ತು, ನೀವು ಹನ್ನೊಂದು ಜನ ದೋಸೆ ತಿನ್ನಲು ಬಂದವರು. ಅವನು ಸುಳ್ಳು ಹೇಳಿ ಏಳು ತಿಂಗಳು ಮಗಳ ಮುಖ ನೋಡದೆ ಉಂಡ. ನೀವು ಹದಿನಾಲ್ಕು ತಿಂಗಳಿಂದ ಹಾಯಾಗಿ ಉಣ್ಣುತ್ತಿದ್ದೀರಿ. ನಿಮ್ಮ ಮನೆಯಲ್ಲಿ ತಟ್ಟೆ ಹಿಡಿದು ಹೊರಗೆ ಹೋಗುವವರು ಯಾರೂ ಇಲ್ಲವೇ?

ವಿಚಾರಣೆ ಜೂನ್ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಸೆಷನ್ಸ್ ಕೋರ್ಟಿನಲ್ಲಿ. ನಿಮ್ಮ ಹೆಸರುಗಳು ನನ್ನ ಹತ್ತಿರ ಇವೆ, ಈ ಸಲ ಅಚ್ಚು ಹಾಕುತ್ತಿಲ್ಲ. ನೀವಾಗಿ ಬನ್ನಿ. ಸರ್ಕಾರಿ ವಕೀಲರ ಮುಂದೆ ನಿಂತು, ಅಂದು ಕೊಟ್ಟ ಹೇಳಿಕೆ ಸುಳ್ಳೆಂದು ಒಪ್ಪಿ, ಸದಾನಂದನ ಕೈ ಯಾರ ಹೆಗಲ ಮೇಲಿತ್ತು, ಯಾವಾಗ ತೆಗೆದ, ಎತ್ತ ಸರಿದ ಎಂದು ಹೇಳಿ.